ನಿಂತ ನೀರಿನ ಗುಣ

ಕೆಲವು ವರ್ಷಗಳ ಹಿಂದೆ ಕಾರ್ತಿಕಮಾಸದ ಒಂದು ರಾತ್ರಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿನಿಂದ ದೂರವಾಣಿಯಲ್ಲಿ ಮಾತನಾಡಿದ. ಒಂದು ಕಾಲಕ್ಕೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಆಗಮ ಆದೇಶ ಸಂಧಿಗಳೊಡನೆ ಮಲ್ಲಯುದ್ಧ ಮಾಡುತ್ತಿದ್ದ ಹುಡುಗ ಅವನು. ಈಗ ಆ ದೇಶದ ಉತ್ತರ ಭಾಗದ ಒಂದೂರಿನಲ್ಲಿ ಹಳೆಯ ಮನೆಯೊಂದನ್ನು ಕೊಂಡು ಸಂಸಾರವಂದಿಗನಾಗಿದ್ದಾನೆ. ಹುಟ್ಟಿದ ಹೆಣ್ಣುಮಗುವಿಗೆ ಇಡಬೇಕೆಂದಿದ್ದ ಹೆಸರಿನ ಅರ್ಥವೇನೆಂದು ಕೇಳಲು ನನ್ನನ್ನು ಕರೆದಿದ್ದ. ಅರ್ಥ ಹೇಳಿದ್ದಾಯಿತು. ಬಳಿಕ ಮನೆಯ ಕ್ಷೇಮಸಮಾಚಾರ ಬಂದಿತು.

“ಬಾಣಂತನಕ್ಕೆ ಅಮ್ಮ ಊರಿಂದ ಬಂದಿದ್ದಾರೆ, ಮೇಷ್ಟ್ರೇ. ಆದರೆ ಮನೆಯೇ ಕಾಯುತ್ತಿಲ್ಲ. ಗೋಡೆಯ ರೇಡಿಯೇಟರುಗಳು ಮೇಲೆ ಬೆಚ್ಚಗಿವೆ, ಕೆಳಗೆ ತಣ್ಣಗಿವೆ. ತಿರುಪು ಬಿಚ್ಚಿ ನೋಡಿದರೆ ಕೆಮ್ಮಣ್ಣು ಕದಡಿದಂಥ ನೀರು. ದಿನವೂ ಒತ್ತಡದ ಮುಳ್ಳು ಇಳಿಯುತ್ತದೆ, ದಿನವೂ ನಲ್ಲಿ ತಿರುಗಿಸಿ ನೀರು ತುಂಬುತ್ತೇನೆ. ಅಮ್ಮ ಕೋಟು ಹಾಕಿಕೊಂಡೇ ಮಲಗುತ್ತಾರೆ” ಎಂದ.

ನನ್ನನ್ನು ಅವನು ಸಲಹೆ ಕೇಳಿರಲಿಲ್ಲ. ಆದರೂ ಮೇಷ್ಟರ ನಾಲಗೆ ಸುಮ್ಮನಿರಬಲ್ಲುದೆ? “ಅದೆಲ್ಲ ಕೊಳೆತ ನೀರು ಕಣಯ್ಯಾ. ಪೂರ್ತಿ ಚೆಲ್ಲಿ ಹೊಸ ನೀರು ತುಂಬು. ತಿಂಗಳಿಗೊಮ್ಮೆ ಹಾಗೆ ಮಾಡುತ್ತಿರು” ಎಂದೆ. ಹುಡುಗ ವ್ಯಾಕರಣದಲ್ಲಿ ನನ್ನ ಮಾತು ಕೇಳದಿದ್ದವನು ಇದರಲ್ಲಿ ಕೇಳಿದ. ತಿಂಗಳಿಗೊಮ್ಮೆ ಹಾಗೆಯೇ ಮಾಡಿದ. ಫಾಲ್ಗುಣಮಾಸ ಮುಗಿಯುವ ಮೊದಲೇ ಅವನ ತಾಯಿ ಮಲಗುವ ಕೋಣೆಯ ರೇಡಿಯೇಟರಿನ ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು, ಮರದ ನೆಲವೆಲ್ಲ ಕಂದು ನೀರಿನಲ್ಲಿ ನೆನೆಯಿತು. ಮುದುಕಿ ರಾತ್ರಿಯಲ್ಲಿ ಎದ್ದವರು ಜಾರದೆ ಉಳಿದದ್ದೇ ಭಾಗ್ಯ. ತೂತು ನನ್ನ ಮಾತೊಂದರಿಂದಲೇ ಬಿದ್ದಿತೆಂದು ಹೇಳಲಾರೆ. ಕಬ್ಬಿಣ ಅದಕ್ಕೆ ಮೊದಲೇ ಸವೆದಿದ್ದಿತು. ಆದರೆ ರೋಗಕ್ಕೆ ಅನ್ನವಿಕ್ಕಿದವನು ನಾನೆಂಬುದು ಆಮೇಲೆ ಓದಿ ತಿಳಿದಾಗ ನನಗೆ ನಾಚಿಕೆಯಾಯಿತು. ಆ ಓದಿನಿಂದ ಒದಗಿದ ಚರಿತ್ರೆಯ ಸಾರವನ್ನು ವಾಚಕರ ಮುಂದಿಡುತ್ತಿದ್ದೇನೆ. ನಮ್ಮ ನಾಡಿನ ಅನೇಕ ಮನೆಗಳ ಮಕ್ಕಳು ಇಂದು ಇಂಥ ಮನೆಗಳಲ್ಲಿ ವಾಸವಾಗಿರುವುದರಿಂದ ವಿಷಯ ತೀರ ದೂರದ್ದೆಂದು ಯಾರೂ ಭಾವಿಸಲಾರರು.

ನನ್ನ ತಪ್ಪಿಗೆ ಮೂಲ ನಮ್ಮ ಬಚ್ಚಲುಮನೆಯಲ್ಲಿದೆ. ನಮ್ಮಲ್ಲಿ ಬಿಸಿನೀರೆಂದರೆ ಸ್ನಾನದ ನೀರು. ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆ. ಬೆಳಗ್ಗೆ ತುಂಬಿದ ನೀರು ಮಧ್ಯಾಹ್ನದೊಳಗೆ ತೀರಿತು. ಮಾರನೆಯ ದಿನ ಮತ್ತೆ ಹೊಸ ನೀರು. ಹಬ್ಬದ ಹಿಂದಿನ ದಿನ ಹಂಡೆಗೆ ಹುಣಸೆಹಣ್ಣು ತಿಕ್ಕಿ ಫಳಫಳ ಹೊಳೆಯಿಸಿದರೆ ಗೃಹಿಣಿಗೆ ತೃಪ್ತಿ. ಹರಿಯುವ ನೀರು ಶುದ್ಧ, ನಿಂತ ನೀರು ಅಶುದ್ಧ ಎಂಬುದು ನಮಗೆ ಹಾಲಿನೊಡನೆ ಬಂದ ಬುದ್ಧಿ. ಕುಡಿಯುವ ನೀರಿನ ವಿಷಯದಲ್ಲಿ ಅದು ನಿಜ. ಆದರೆ ಶೀತದೇಶದ ಮನೆಯನ್ನು ಕಾಯಿಸುವ ನೀರಿನ ಧರ್ಮ ಇದಕ್ಕೆ ನೇರ ವಿರುದ್ಧವಾದದ್ದು. ಅಲ್ಲಿ ಹಳೆಯ ನೀರೇ ಮಿತ್ರ, ಹೊಸ ನೀರೇ ಶತ್ರು. ಇದನ್ನು ಕಂಡುಕೊಳ್ಳಲು ಯೂರೋಪಿನವರಿಗೇ ಸುಮಾರು ಇನ್ನೂರು ವರ್ಷ ಹಿಡಿಯಿತು.

ಮೊದಲು ಆ ವ್ಯವಸ್ಥೆಯ ರೂಪವನ್ನು ಹೇಳಬೇಕು. ರೇಡಿಯೋ ನಮ್ಮ ಮನೆಮನೆಗೂ ಬಂದಿತು, ರೇಡಿಯೇಟರ್ ಬರಲಿಲ್ಲ. ಮೋಟಾರು ಬಂಡಿಯ ಮೂತಿಯಲ್ಲಿರುವ ರೇಡಿಯೇಟರನ್ನು ನಾವೆಲ್ಲ ಬಲ್ಲೆವು. ಮನೆಯದೂ ಅದರ ದಾಯಾದಿಯೇ. ಮನೆಯ ಒಂದು ಮೂಲೆಯಲ್ಲಿ ನೀರು ಕಾಯಿಸುವ ಬಾಯ್ಲರು. ಅದರಿಂದ ಹೊರಟ ಕೊಳವೆ ಕೋಣೆಕೋಣೆಗೂ ಹೋಗಿ, ಗೋಡೆಗೆ ತಗುಲಿಸಿದ ಟೊಳ್ಳು ಹಲಗೆಗಳಂಥ ರೇಡಿಯೇಟರುಗಳನ್ನು ಹೊಕ್ಕು ಹೊರಟು ಮತ್ತೆ ಬಾಯ್ಲರಿಗೆ ಹಿಂದಿರುಗುತ್ತದೆ. ನೀರು ಕೋಣೆಗೆ ಶಾಖವನ್ನು ಕೊಟ್ಟು ತಣ್ಣಗಾಗಿ ಬಂದು, ಕಾದು, ಮತ್ತೆ ಹೊರಡುತ್ತದೆ. ಆ ನೀರನ್ನು ಯಾರೂ ಕುಡಿಯುವುದಿಲ್ಲ, ಮೀಯುವುದಿಲ್ಲ. ಅದು ಗಾಣದೆತ್ತಿನಂತೆ ಸುತ್ತುತ್ತಿರುವ ಸೆರೆನೀರು. ಮನುಷ್ಯನ ಮೈಯಲ್ಲಿ ನೆತ್ತರು ಹೇಗೋ ಹಾಗೆ. ನೆತ್ತರನ್ನು ಯಾರೂ ತಿಂಗಳಿಗೊಮ್ಮೆ ಬದಲಾಯಿಸುವುದಿಲ್ಲವಷ್ಟೆ!

ಪ್ರಾಚೀನ ರೋಮಿನವರು ಸ್ನಾನಗೃಹಗಳ ನೆಲದಡಿಯಲ್ಲಿ ಬಿಸಿಗಾಳಿಯನ್ನು ಹಾಯಿಸಿ ಮನೆಯನ್ನು ಬೆಚ್ಚಗಿಡುತ್ತಿದ್ದರು. ಬೆಂಕಿಯ ನಡುವೆ ಸುರುಳಿ ಸುತ್ತಿದ ಲೋಹದ ಕೊಳವೆಯಲ್ಲಿ ನೀರು ಹಾಯಿಸಿ ಕಾಯಿಸುವ ಉಪಾಯವನ್ನು ತತ್ತ್ವಜ್ಞಾನಿ ಸೆನೆಕ ತನ್ನ ಪ್ರಕೃತಿವಿಚಾರದ ಗ್ರಂಥದಲ್ಲಿ ಹೇಳಿದ್ದಾನೆ. ಅದೂ ಸ್ನಾನದ ನೀರೇ. ನೀರನ್ನು ಶಾಖದ ವಾಹನವನ್ನಾಗಿ ಮಾಡಿಕೊಂಡು ಕಟ್ಟಡವನ್ನು ಕಾಯಿಸುವ ಕೆಲಸ ಹದಿನೆಂಟನೆಯ ಶತಮಾನದ್ದು. ಸ್ವೀಡನ್ನಿನ ಮಾರ್ಟೆನ್ ಟ್ರೀವಾಲ್ಡ್ ಎಂಬ ಯಂತ್ರಜ್ಞ ಇಂಗ್ಲೆಂಡಿನ ನ್ಯೂಕಾಸಲಿನಲ್ಲಿದ್ದಾಗ ೧೭೧೬ರಲ್ಲಿ ಗಿಡಗಳನ್ನು ಬೆಳೆಸುವ ಮನೆಯೊಂದನ್ನು ಬಿಸಿನೀರಿನಿಂದ ಕಾಯಿಸಿದ. ಫ್ರಾನ್ಸಿನ ಬೊನ್‌ಮ್ಯಾಂ ೧೭೭೭ರಲ್ಲಿ ಕೊಳವೆಗಳಲ್ಲಿ ಸುತ್ತುವ ಬಿಸಿನೀರಿನಿಂದ ಕೋಳಿಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಮಾಡಿಸಿದ. ಎರಡು ಲೋಹಗಳು ಕಾದಾಗ ಸಮನಾಗಿ ಹಿಗ್ಗುವುದಿಲ್ಲವೆಂಬ ಗುಣವನ್ನು ಬಳಸಿ, ಶಾಖ ಹೆಚ್ಚಿದರೆ ಒಲೆಯ ಗಾಳಿಯ ದಾರಿ ತಾನಾಗಿ ಕಿರಿದಾಗುವಂತೆಯೂ ಅವನು ಏರ್ಪಡಿಸಿದ್ದ. ಆ ಕಾಲದಲ್ಲಿ ನೀರನ್ನು ತಳ್ಳಲು ಯಾವ ಯಂತ್ರವೂ ಬೇಕಿರಲಿಲ್ಲ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣಿದದ್ದು ಭಾರವಾಗಿ ಇಳಿಯುತ್ತದೆ. ಅಷ್ಟರಿಂದಲೇ ಚಕ್ರ ನಡೆಯುತ್ತಿತ್ತು. ಹೀಗೆ ಬಿಸಿನೀರಿನ ಸುಖ ಮೊದಲು ಗಿಡಕ್ಕೆ, ಆಮೇಲೆ ಕೋಳಿಗೆ, ಕಡೆಗೆ ಮನುಷ್ಯನಿಗೆ ದೊರೆಯಿತು.

ಇಂಗ್ಲೆಂಡಿನಲ್ಲಿ ೧೮೨೦-೩೦ರ ಸುಮಾರಿಗೆ ಶ್ರೀಮಂತರ ಮನೆಗಳಿಗೂ ಇಗರ್ಜಿಗಳಿಗೂ ಈ ವ್ಯವಸ್ಥೆ ಹಬ್ಬತೊಡಗಿತು. ಚಾರ್ಲ್ಸ್ ಹುಡ್ ಎಂಬಾತ ೧೮೩೭ರಲ್ಲಿ ಇದಕ್ಕೆಂದೇ ಒಂದು ದೊಡ್ಡ ಕೈಪಿಡಿಯನ್ನು ಬರೆದ. ಆಗ ಸಾಮಾನ್ಯವಾಗಿ ಬಳಸುತ್ತಿದ್ದುದು ನಾಲ್ಕಂಗುಲದ ಎರಕದ ಕಬ್ಬಿಣದ ಕೊಳವೆ. ಒಂದರ ಬಾಯೊಳಗೆ ಇನ್ನೊಂದರ ತುದಿಯನ್ನಿಟ್ಟು ನಡುವಣ ಸಂದನ್ನು ಮುಚ್ಚಬೇಕು. ಯಾವುದರಿಂದ ಮುಚ್ಚುವುದು? ಅಂದಿನ ಕೊಳಾಯಿಗಾರರು ಕಂಡುಕೊಂಡ ಉಪಾಯ ಬಹಳ ಚಮತ್ಕಾರದ್ದು. ಕಬ್ಬಿಣದ ಅರಪುಡಿಗೆ ನವಸಾಗರವನ್ನೂ ಸ್ವಲ್ಪ ಗಂಧಕವನ್ನೂ ಬೆರೆಸಿ, ನೀರಿನಲ್ಲಿ ಕಲಸಿ ಸಂದಿಗೆ ಗಟ್ಟಿಸಿ ತುಂಬುತ್ತಿದ್ದರು. ನಮ್ಮ ಬೀದಿಗಳಲ್ಲಿ ಪಾತ್ರೆಗೆ ಕಲಾಯಿ ಹಾಕುವವನು ಬಿಳಿಯ ಹೊಗೆಯೆಬ್ಬಿಸಿ ಉಜ್ಜುತ್ತಿದ್ದ ಅದೇ ನವಸಾಗರ. ಅದರ ದೆಸೆಯಿಂದ ಅರಪುಡಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಹಿಗ್ಗುತ್ತದೆ. ಹಿಗ್ಗಿ ಸಂದಿನಲ್ಲಿ ಕಲ್ಲಿನಂತೆ ಕಚ್ಚಿಕೊಳ್ಳುತ್ತದೆ. ಎಂದರೆ ಸೋರಿಕೆಯನ್ನು ತಡೆಯಲು ತುಕ್ಕನ್ನೇ ಕಾವಲಿಗೆ ನಿಲ್ಲಿಸಿದ್ದರು! ತುಕ್ಕು ತೂತನ್ನು ಕೊರೆಯುವುದೂ ಉಂಟು, ತೂತನ್ನು ಮುಚ್ಚುವುದೂ ಉಂಟು ಎಂಬ ಈ ಇಬ್ಬಗೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಕೆಲಸವಿದೆ.

ನೀರಿಗೆ ಇನ್ನೊಂದು ಗುಣವಿದೆ. ತಣ್ಣೀರು ಕುದಿಯ ಸಮೀಪಕ್ಕೆ ಕಾದರೆ ನೂರಕ್ಕೆ ಸುಮಾರು ನಾಲ್ಕು ಪಾಲು ಹಿಗ್ಗುತ್ತದೆ. ಆ ಹಿಗ್ಗಿಗೆ ಎಡೆ ಕೊಡದಿದ್ದರೆ ಕೊಳವೆ ಸಿಡಿದೀತು. ಇದಕ್ಕೆ ಎರಡು ದಾರಿಗಳು ಹುಟ್ಟಿದವು. ಒಂದು, ಎಲ್ಲಕ್ಕಿಂತ ಎತ್ತರದಲ್ಲಿ, ಎಂದರೆ ಅಟ್ಟದ ಮೇಲೆ, ಬಾಯಿ ತೆರೆದ ತೊಟ್ಟಿಯೊಂದನ್ನಿಡುವುದು. ಹಿಗ್ಗಿದ ನೀರು ಅಲ್ಲಿಗೇರಿ, ತಣಿದಾಗ ಇಳಿಯಲಿ. ಇನ್ನೊಂದು, ವ್ಯವಸ್ಥೆಯನ್ನೆಲ್ಲ ಬಿಗಿಯಾಗಿ ಮುಚ್ಚಿ, ಮೇಲ್ತುದಿಯಲ್ಲಿ ಸ್ವಲ್ಪ ಗಾಳಿಯನ್ನು ಸೆರೆಹಿಡಿದಿಡುವುದು. ನೀರು ಹಿಗ್ಗಿದಾಗ ಆ ಗಾಳಿ ಮುದುಡಲಿ.

ಎರಡನೆಯ ದಾರಿಯನ್ನು ಹಿಡಿದವನು ಏಂಜಿಯರ್ ಮಾರ್ಚ್ ಪರ್ಕಿನ್ಸ್. ಅಮೆರಿಕದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದವನು. ಇವನ ತಂದೆ ಜೇಕಬ್ ಪರ್ಕಿನ್ಸ್ ೧೮೩೪ರಲ್ಲಿ ಶೈತ್ಯಯಂತ್ರಕ್ಕೆ ಪೇಟೆಂಟ್ ಪಡೆದವನು. ಅವನ ಸಂಸ್ಥೆಯೇ ೧೮೪೦ರಲ್ಲಿ ಜಗತ್ತಿನ ಮೊದಲ ಅಂಚೆಚೀಟಿಯನ್ನು ಅಚ್ಚುಹಾಕಿತು. ತಂದೆ ತಣಿಸುವ ವಿದ್ಯೆಯವನಾದರೆ ಮಗ ಕಾಯಿಸುವ ವಿದ್ಯೆಯವನಾದ. ೧೮೩೧ರಲ್ಲಿ ಪೇಟೆಂಟ್ ಪಡೆದ ಮಗನ ವ್ಯವಸ್ಥೆಯಲ್ಲಿ ಬಾಯ್ಲರೇ ಇರಲಿಲ್ಲ. ಹೊರಗೆ ಒಂದಂಗುಲ ದಪ್ಪದ, ಒಳಗೆ ಅರ್ಧ ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಟೊಳ್ಳಾದ ಬಡಿಗಬ್ಬಿಣದ ಒಂದೇ ಕೊಳವೆ ಮನೆಯನ್ನೆಲ್ಲ ಸುತ್ತಿ ಬರುತ್ತಿತ್ತು; ಅದರ ಒಂದು ಭಾಗವನ್ನು ಸುರುಳಿಯಾಗಿ ಕುಲುಮೆಯಲ್ಲಿಟ್ಟಿದ್ದರು. ಒಳಗಿನ ನೀರು ಕುದಿಬಿಂದುವನ್ನು ಮೀರಿ ಕಾದರೂ ಬಿಗಿ ಒತ್ತಡದಿಂದ ಆವಿಯಾಗಲಾರದು. ಕೊಳವೆಗಳ ಜೋಡಣೆಗೆ ಅರಪುಡಿಯಿಲ್ಲ, ನಾರಿಲ್ಲ. ಒಂದು ತುದಿಯನ್ನು ಚಪ್ಪಟೆಯಾಗಿ, ಎದುರು ತುದಿಯನ್ನು ಕತ್ತಿಯ ಅಲುಗಿನಂತೆ ಮಾಡಿ, ಎಡ ಬಲ ತಿರುಪಿನ ಬಿಗಿತದಿಂದ ಲೋಹಕ್ಕೆ ಲೋಹವನ್ನೇ ಒತ್ತಿಸುತ್ತಿದ್ದರು.

ಲಂಡನ್ನಿನ ಪ್ರಸಿದ್ಧ ವಾಸ್ತುಶಿಲ್ಪಿ ಸರ್ ಜಾನ್ ಸೋನ್ ತನ್ನ ಮನೆಯನ್ನು ಬೆಚ್ಚಗಿಡಲು ಬಗೆಬಗೆಯ ಉಪಾಯಗಳನ್ನು ಮಾಡಿ ಬೇಸತ್ತಿದ್ದ. ಅಮೃತಶಿಲೆಯ ಪ್ರತಿಮೆಗಳೂ ಚಿತ್ರಗಳೂ ಪುಸ್ತಕಗಳೂ ತುಂಬಿದ್ದ ಆ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ೧೮೩೨ರ ಸುಮಾರಿಗೆ ಪರ್ಕಿನ್ಸನ ಕೊಳವೆಗಳನ್ನು ಹಾಕಿಸಿದ ಮೇಲೆ ಅವನಿಗೆ ನೆಮ್ಮದಿಯಾಯಿತು. ಅವನ ಸಹಾಯಕನಾಗಿದ್ದ ಸಿ. ಜೆ. ರಿಚರ್ಡ್‌ಸನ್ನನು ೧೮೩೭ರಲ್ಲಿ ಈ ವ್ಯವಸ್ಥೆಯನ್ನು ಹೊಗಳಿ ಒಂದು ಪುಸ್ತಕವನ್ನೇ ಬರೆದ. ಹೊಗಳಿಕೆಯ ಬೆನ್ನಿಗೆ ಭಯವೂ ಬಂದಿತು. ಅಷ್ಟು ಬಿಸಿಯಾದ ಕೊಳವೆ ಮರಕ್ಕೆ ತಾಗಿದರೆ ಬೆಂಕಿ ಹತ್ತದೆ? ಮ್ಯಾಂಚೆಸ್ಟರಿನ ಒಂದು ಅಗ್ನಿವಿಮಾ ಸಂಸ್ಥೆಗಾಗಿ ಇಬ್ಬರು ತಜ್ಞರು ೧೮೪೧ರಲ್ಲಿ ಇದನ್ನು ಪರೀಕ್ಷಿಸಿ ವರದಿ ಸಲ್ಲಿಸಿದರು. ಜನ ಅಂಜಿದ್ದು ಸಹಜವೇ.

ಆದರೆ ಪರ್ಕಿನ್ಸನ ಕೊಳವೆಗಳು ಅಂದಿನವರು ಗಮನಿಸದ ಒಂದು ಸಂಗತಿಗೆ ಸಾಕ್ಷಿಯಾಗಿದ್ದವು. ಇಂಗ್ಲೆಂಡಿನ ಕೆಲವು ಇಗರ್ಜಿಗಳಲ್ಲಿ ಅವು ಇಪ್ಪತ್ತನೆಯ ಶತಮಾನದವರೆಗೂ ಕೆಲಸ ಮಾಡಿದವು. ತೆರೆದ ತೊಟ್ಟಿಗಳೂ ಸದಾ ಸೋರುವ ಕೀಲುಗಳೂ ಉಳ್ಳ ಎಷ್ಟೋ ವ್ಯವಸ್ಥೆಗಳು ಅದಕ್ಕೆ ಬಹಳ ಮೊದಲೇ ಕೆಸರು ತುಂಬಿ ಕೆಟ್ಟುಹೋಗಿದ್ದವು. ಗಟ್ಟಿಯಾದ ಕಬ್ಬಿಣ ಒಂದು ಕಾರಣ. ಇನ್ನೊಂದು ಕಾರಣ, ಒಳಗಿದ್ದ ನೀರು ಹೊರಗೆ ಹೋಗುತ್ತಿರಲಿಲ್ಲ, ಹೊರಗಿನದು ಒಳಗೆ ಬರುತ್ತಿರಲಿಲ್ಲ. ಅದು ಏಕೆ ಮುಖ್ಯವೆಂಬುದನ್ನು ತಿಳಿಯಲು ತುಕ್ಕೆಂದರೇನೆಂದು ಗೊತ್ತಾಗಬೇಕಾಗಿತ್ತು.

ನಮ್ಮ ಭಾಷೆ ಈ ವಿಷಯದಲ್ಲಿ ಸೂಕ್ಷ್ಮವಾಗಿದೆ. ತಾಮ್ರ ಹಿತ್ತಾಳೆಗಳ ಮೇಲೆ ಬರುವುದು ಕಿಲುಬು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಕರಗಿಸಿದಾಗ ಉಳಿಯುವುದು ಕಿಟ್ಟ. ಕಿಟ್ಟವನ್ನು ಆಯುರ್ವೇದದವರು ಮಂಡೂರವೆಂದು ಕರೆದು ಔಷಧಕ್ಕೂ ಬಳಸಿದರು. ಆದರೆ ತುಕ್ಕಿನ ಕಾರಣದ ವಿಷಯದಲ್ಲಿ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಲ್ಲೇ ಒಮ್ಮತವಿರಲಿಲ್ಲ. ಗಾಳಿಯಲ್ಲಿರುವ ಇಂಗಾಲಾಮ್ಲವೇ ಕಾರಣವೆಂದು ಬಹುಮಂದಿ ನಂಬಿದ್ದರು. ೧೯೦೩ರಲ್ಲಿ ಅಮೆರಿಕದ ವಿಲ್ಲಿಸ್ ವಿಟ್ನಿ ಎಂಬ ರಸಾಯನಜ್ಞ, ತುಕ್ಕು ಹಿಡಿಯುವುದು ಒಂದು ವಿದ್ಯುತ್‌ಕ್ರಿಯೆಯೆಂದು ವಿವರಿಸಿದ. ಕಬ್ಬಿಣದ ಮೈಮೇಲೆಯೇ ಸಣ್ಣ ಸಣ್ಣ ವಿದ್ಯುತ್‌ಕೋಶಗಳು ಏರ್ಪಡುತ್ತವೆ; ಒಂದೆಡೆ ಕಬ್ಬಿಣ ನೀರಿನಲ್ಲಿ ಕರಗುತ್ತದೆ; ನೀರಿನಲ್ಲಿ ಬೆರೆತಿರುವ ಆಮ್ಲಜನಕ ಆ ಕ್ರಿಯೆ ನಿಲ್ಲದಂತೆ ಮುಂದಕ್ಕೆ ನಡೆಸುತ್ತದೆ. ಆಮ್ಲಜನಕ ತೀರಿದರೆ ತುಕ್ಕಿನ ಹಸಿವೂ ಬಹುಮಟ್ಟಿಗೆ ಅಡಗುತ್ತದೆ.

ಇದನ್ನು ವ್ಯವಹಾರಕ್ಕೆ ತಂದವರಲ್ಲಿ ಪಿಟ್ಸ್‌ಬರ್ಗಿನ ಉಕ್ಕಿನ ಕೊಳವೆಯ ಕಾರ್ಖಾನೆಯ ಲೋಹತಜ್ಞ ಎಫ್. ಎನ್. ಸ್ಪೆಲ್ಲರ್ ಪ್ರಮುಖನು. ಸ್ನಾನಕ್ಕೆ ಒದಗುವ ಬಿಸಿನೀರು ಕೊಳವೆಗಳನ್ನು ತಿನ್ನುತ್ತಿದ್ದುದನ್ನು ನೋಡಿ ಆತ ಒಂದು ಉಪಾಯ ಮಾಡಿದ. ಕಾಯಿಸಿದ ನೀರನ್ನು ಕಟ್ಟಡದ ಕೊಳವೆಗಳಿಗೆ ಬಿಡುವ ಮೊದಲು ಉಕ್ಕಿನ ತುಂಡುಗಳು ತುಂಬಿದ ಪಾತ್ರೆಯ ಮೂಲಕ ಹಾಯಿಸಿದ. ನೀರಿನ ಆಮ್ಲಜನಕವೆಲ್ಲ ಆ ತುಂಡುಗಳನ್ನೇ ತಿಂದು ಮುಗಿಯಿತು. ಮುಂದಿನ ಕೊಳವೆಗಳು ಉಳಿದುಕೊಂಡವು. ಬಕಾಸುರನಿಗೆ ಊರ ಹೊರಗೆ ಬಂಡಿ ಅನ್ನ ಕಳುಹಿಸಿ ಊರನ್ನು ಉಳಿಸಿಕೊಂಡ ಏಕಚಕ್ರನಗರಿಯವರ ಉಪಾಯವೇ ಇದು.

ಕೇಂಬ್ರಿಜ್ಜಿನ ಯು. ಆರ್. ಎವನ್ಸ್ ೧೯೨೦ರ ದಶಕದಲ್ಲಿ ಮತ್ತೊಂದು ಆಶ್ಚರ್ಯವನ್ನು ತೋರಿಸಿದ. ಕಬ್ಬಿಣದ ನುಣುಪು ಹಲಗೆಯ ಮೇಲೆ ಉಪ್ಪುನೀರಿನ ಒಂದು ಹನಿಯನ್ನಿಟ್ಟರೆ ಗಾಳಿ ಹೆಚ್ಚಾಗಿ ತಾಗುವ ಅಂಚು ಸವೆಯುವುದಿಲ್ಲ. ಗಾಳಿ ಕಡಮೆ ತಲಪುವ ಹನಿಯ ನಡುಭಾಗವೇ ಸವೆಯುತ್ತದೆ. ಆಮ್ಲಜನಕ ಒಂದು ಕಡೆ ಉಣ್ಣುತ್ತದೆ, ಗಾಯ ಇನ್ನೊಂದು ಕಡೆ ಆಗುತ್ತದೆ. ರೇಡಿಯೇಟರಿನ ತಳದಲ್ಲಿ ಕೆಸರು ಕುಳಿತರೆ ಅದರಡಿಯ ಕಬ್ಬಿಣಕ್ಕೆ ಗಾಳಿ ತಲಪುವುದಿಲ್ಲ. ಆದುದರಿಂದಲೇ ಅಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ, ಚುಕ್ಕೆಚುಕ್ಕೆಯಾಗಿ ಆಳದ ಗುಂಡಿಗಳು ಬೀಳುತ್ತವೆ. ನನ್ನ ವಿದ್ಯಾರ್ಥಿಯ ತಾಯಿಯ ಕೋಣೆಯಲ್ಲಿ ತೂತು ತಳದಲ್ಲಿಯೇ ಬಿದ್ದುದು ಆಕಸ್ಮಿಕವಲ್ಲ.

ನೀರಿನ ಬಣ್ಣದ ಗುಟ್ಟೂ ತಿಳಿಯಿತು. ಆಮ್ಲಜನಕ ಯಥೇಚ್ಛವಾಗಿ ಬರುತ್ತಿದ್ದರೆ ತುಕ್ಕು ಕೆಂಪು. ಅದು ಕಡಮೆಯಾದರೆ ಕಬ್ಬಿಣ ಕಪ್ಪು ಪುಡಿಯಾಗುತ್ತದೆ. ಅದು ಅಯಸ್ಕಾಂತಶಿಲೆಯ ಜಾತಿಯದೇ, ಸೂಜಿಗಲ್ಲಿಗೆ ಅಂಟುತ್ತದೆ. ಆಮ್ಲಜನಕವಿಲ್ಲದ ನೀರಿನಲ್ಲಿ ಈ ಕಪ್ಪು ಪುಡಿ ಹುಟ್ಟುವಾಗ ಜಲಜನಕ ಹೊರಬರುತ್ತದೆಂಬ ಕ್ರಮವನ್ನು ಜರ್ಮನಿಯ ಶಿಕೋರ್ ೧೯೩೦ರ ಆಸುಪಾಸಿನಲ್ಲಿ ವಿವರಿಸಿದ. ರೇಡಿಯೇಟರಿನ ತಲೆಯಲ್ಲಿ ಸೇರಿಕೊಂಡು ಗುಳುಗುಳು ಸದ್ದು ಮಾಡುವ “ಗಾಳಿ” ಎಷ್ಟೋ ವೇಳೆ ಗಾಳಿಯಲ್ಲ, ಈ ಜಲಜನಕವೇ. ಅದು ಉರಿಯುವ ಅನಿಲ. ಅದರ ಮುಂದೆ ಬೆಂಕಿಕಡ್ಡಿ ಗೀರಬಾರದು. ಹೀಗೆ ಅನುಭವಿಗಳು ರೇಡಿಯೇಟರನ್ನು ವೈದ್ಯ ನಾಡಿ ನೋಡುವಂತೆ ನೋಡಬಲ್ಲರು: ತಲೆ ತಣ್ಣಗಿದ್ದರೆ ಅನಿಲ ಸೇರಿದೆ, ಕಾಲು ತಣ್ಣಗಿದ್ದರೆ ಕೆಸರು ಕುಳಿತಿದೆ, ನೀರು ಕಪ್ಪಾದರೆ ಹಳೆಯ ಸವೆತ, ಕೆಂಪಾದರೆ ಎಲ್ಲಿಂದಲೋ ಹೊಸ ಗಾಳಿ ಬರುತ್ತಿದೆ. ನಾನು ಅಂದು ದೂರವಾಣಿಯಲ್ಲಿ ಕೇಳಿದ್ದು ಕೆಮ್ಮಣ್ಣಿನ ಬಣ್ಣ!

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡೋಣ. ನಲ್ಲಿಯ ತಣ್ಣೀರಿನಲ್ಲಿ ಲೀಟರಿಗೆ ಸುಮಾರು ೧೦ ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಮನೆಯ ವ್ಯವಸ್ಥೆಯಲ್ಲಿ ೧೦೦ ಲೀಟರು ನೀರಿದ್ದರೆ ಆಮ್ಲಜನಕ ಒಂದು ಗ್ರಾಂ. ಅದು ಹೆಚ್ಚೆಂದರೆ ಎರಡೂವರೆ ಗ್ರಾಂನಷ್ಟು ಕಬ್ಬಿಣವನ್ನು ಕಪ್ಪು ಪುಡಿ ಮಾಡೀತು. ಅಲ್ಲಿಗೆ ಅದರ ಶಕ್ತಿ ಮುಗಿಯಿತು. ಆಮೇಲೆ ಅದು ಸತ್ತ ನೀರು, ಸಾಧು ನೀರು. ಆದರೆ ಎಲ್ಲೋ ಒಂದು ಕೀಲಿನಲ್ಲಿ ಸೆಕೆಂಡಿಗೊಂದು ಹನಿ ತೊಟ್ಟಿಕ್ಕುತ್ತಿದೆಯೆನ್ನಿ. ದಿನಕ್ಕೆ ನಾಲ್ಕು ಲೀಟರು, ವರ್ಷಕ್ಕೆ ಸುಮಾರು ೧,೫೦೦ ಲೀಟರು. ಹೋದಷ್ಟನ್ನು ತುಂಬುತ್ತ ಹೋದರೆ ವರ್ಷಕ್ಕೆ ೧೫ ಸಲ ಮನೆಯ ನೀರನ್ನೆಲ್ಲ ಬದಲಾಯಿಸಿದಂತಾಯಿತು. ತಿನ್ನಬಹುದಾದ ಕಬ್ಬಿಣ ೪೦ ಗ್ರಾಂನಷ್ಟು. ಅಲ್ಪವೆಂದು ತೋರಬಹುದು. ಆದರೆ ಈಗಿನ ರೇಡಿಯೇಟರಿನ ತಗಡು ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪ, ಅಷ್ಟೆ. ಅದರಲ್ಲಿ ಒಂದು ಮಿಲಿಮೀಟರು ಅಗಲದ ತೂತು ಬೀಳಲು ಸವೆಯಬೇಕಾದ ಕಬ್ಬಿಣ ೧೦ ಮಿಲಿಗ್ರಾಂ ಕೂಡ ಇಲ್ಲ. ಅರ್ಧ ಲೀಟರು ಹೊಸ ನೀರಿನ ಆಮ್ಲಜನಕ ಒಂದೇ ಚುಕ್ಕೆಯ ಮೇಲೆ ಕೆಲಸ ಮಾಡಿದರೆ ಅಷ್ಟು ಸಾಕು. ಸೋರಿಕೆ ಹೊಸ ನೀರನ್ನು ಕರೆಯುತ್ತದೆ. ಹೊಸ ನೀರು ತುಕ್ಕನ್ನು ತರುತ್ತದೆ. ತುಕ್ಕು ಹೊಸ ಸೋರಿಕೆಯನ್ನು ತೆರೆಯುತ್ತದೆ. ಇವು ಎರಡು ರೋಗಗಳಲ್ಲ; ಒಂದೇ ರೋಗದ ಎರಡು ಮುಖಗಳು.

ರೇಡಿಯೇಟರಿನ ತಗಡು ಇಷ್ಟು ತೆಳುವಾದದ್ದಕ್ಕೂ ಒಂದು ಚರಿತ್ರೆಯಿದೆ. ರೇಡಿಯೇಟರನ್ನು ೧೮೫೫-೫೭ರ ಸುಮಾರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಫ್ರಾಂಜ್ ಸಾನ್ ಗಾಲಿ ರೂಪಿಸಿದನೆಂದು ಹೇಳುತ್ತಾರೆ. ಅಲ್ಲಿಂದಾಚೆಗೆ ಅಮೆರಿಕದವರು ಅದನ್ನು ಎರಕದ ಕಬ್ಬಿಣದಲ್ಲಿ ಲಕ್ಷಗಟ್ಟಲೆ ತಯಾರಿಸಿದರು. ಅವು ಆನೆಯ ಕಾಲಿನಂತೆ ದಪ್ಪ. ತುಕ್ಕು ತಿನ್ನುತ್ತಿದ್ದರೂ ತಲೆಮಾರು ಬಾಳುತ್ತಿದ್ದವು. ಇಂಗ್ಲೆಂಡಿನ ಸಾಮಾನ್ಯರ ಮನೆಗಳಲ್ಲಿ ಎರಡನೆಯ ಮಹಾಯುದ್ಧದ ತನಕವೂ ಕಲ್ಲಿದ್ದಲಿನ ಅಗ್ಗಿಷ್ಟಿಕೆಯೇ ಗತಿ. ೧೯೫೨ರ ಡಿಸೆಂಬರಿನಲ್ಲಿ ಲಂಡನ್ನನ್ನು ಕವಿದ ವಿಷದ ಹೊಗೆಮಂಜು ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ೧೯೫೬ರಲ್ಲಿ ಶುದ್ಧವಾಯು ಕಾಯಿದೆ ಬಂದಿತು. ಅದೇ ದಶಕದಲ್ಲಿ ಅರ್ಧ ಅಂಗುಲದ ತಾಮ್ರದ ಕೊಳವೆ, ವಿದ್ಯುತ್ ಪಂಪು, ಒತ್ತಿ ಮಾಡಿದ ತೆಳು ಉಕ್ಕಿನ ರೇಡಿಯೇಟರ್ ಸೇರಿದ ಅಗ್ಗದ ವ್ಯವಸ್ಥೆ ಬಳಕೆಗೆ ಬಂದಿತು. ೧೯೬೫ರಲ್ಲಿ ಉತ್ತರ ಸಮುದ್ರದಲ್ಲಿ ಅನಿಲ ಸಿಕ್ಕಿದ ಮೇಲಂತೂ ಅದು ಮನೆಮನೆಗೂ ಹಬ್ಬಿತು. ಬಡವರ ಮನೆಯೂ ಬೆಚ್ಚಗಾಯಿತು. ಅದು ದೊಡ್ಡ ಪುಣ್ಯದ ಕೆಲಸ. ಆದರೆ ದಪ್ಪ ಕಬ್ಬಿಣ ಮರೆಮಾಚುತ್ತಿದ್ದ ತಪ್ಪನ್ನು ತೆಳು ತಗಡು ಮರೆಮಾಚಲಾರದು.

ಆ ಮನೆಗಳ ಅಟ್ಟದ ತೊಟ್ಟಿಯಲ್ಲಿ ತೇಲುವ ಗುಂಡಿನ ನಲ್ಲಿ ಇರುತ್ತಿತ್ತು. ನೀರು ತಗ್ಗಿದೊಡನೆ ಅದು ತಾನಾಗಿ ತುಂಬಿಸುತ್ತಿತ್ತು. ಅನುಕೂಲವೇನೋ ಹೌದು, ಆದರೆ ನೆಲದಡಿಯಲ್ಲಿ ವರ್ಷಗಟ್ಟಲೆ ಸೋರುತ್ತಿದ್ದರೂ ಯಜಮಾನನಿಗೆ ಸುಳಿವೇ ಹತ್ತುತ್ತಿರಲಿಲ್ಲ. ಈಚಿನ ಮುಚ್ಚಿದ ವ್ಯವಸ್ಥೆಗಳಲ್ಲಿ ಅಟ್ಟದ ತೊಟ್ಟಿಯಿಲ್ಲ. ರಬ್ಬರಿನ ಪೊರೆಯ ಆಚೆ ಗಾಳಿ ತುಂಬಿದ ಒಂದು ಪಾತ್ರೆಯಿದೆ, ಒತ್ತಡ ತೋರಿಸುವ ಮುಳ್ಳಿದೆ. ಪರ್ಕಿನ್ಸನ ಸೆರೆಗಾಳಿಯೇ ಹೊಸ ವೇಷದಲ್ಲಿ ಹಿಂದಿರುಗಿದೆಯೆನ್ನಬಹುದು. ಮುಳ್ಳು ಇಳಿಯುವುದು ರೋಗವಲ್ಲ, ರೋಗದ ಕೂಗು. ನೀರು ತುಂಬಿ ಮುಳ್ಳನ್ನು ಮೇಲಕ್ಕೆ ತರುವವನು ಅಳುವ ಮಗುವಿನ ಬಾಯಿ ಮುಚ್ಚಿದಂತೆ.

ಸೋರಿಕೆಯೆಂದರೆ ನೀರು ಹೊರಗೆ ಹೋಗುವುದು ಮಾತ್ರವಲ್ಲ, ಗಾಳಿ ಒಳಗೆ ಬರುವುದೂ ಹೌದೆಂಬ ಪಾಠವನ್ನು ಜರ್ಮನರು ಕಲಿತರು. ೧೯೭೦ರ ದಶಕದಲ್ಲಿ ಅಲ್ಲಿ ನೆಲದಡಿಯಲ್ಲಿ ಪ್ಲಾಸ್ಟಿಕ್ ಕೊಳವೆ ಹಾಕಿ ಮನೆ ಕಾಯಿಸುವ ಪದ್ಧತಿ ಹಬ್ಬಿತು. ಕೊಳವೆಗಳಲ್ಲಿ ಒಂದು ಹನಿಯೂ ಸೋರದು. ಆದರೂ ಉಕ್ಕಿನ ಭಾಗಗಳು ತುಕ್ಕು ಹಿಡಿದು ಕೆಸರಾದವು. ಪರೀಕ್ಷಿಸಿದರೆ, ನೀರನ್ನು ತಡೆಯುವ ಆ ಪ್ಲಾಸ್ಟಿಕ್ ಆಮ್ಲಜನಕವನ್ನು ತಡೆಯುತ್ತಿರಲಿಲ್ಲ. ಅದು ಕೊಳವೆಯ ಗೋಡೆಯ ಮೂಲಕವೇ ನುಸುಳಿ ಬರುತ್ತಿತ್ತು. ೧೯೮೦ರ ದಶಕದಲ್ಲಿ ಆಮ್ಲಜನಕವನ್ನು ತಡೆಯುವ ಲೇಪವುಳ್ಳ ಕೊಳವೆಗಳೂ ಅದಕ್ಕೆ ರಾಷ್ಟ್ರೀಯ ಮಾನಕವೂ ಬಂದವು.

ಇಷ್ಟೆಲ್ಲ ಅನುಭವದಿಂದ ಹೊರಟ ಚಿಕಿತ್ಸಾಕ್ರಮ ಸರಳವಾದದ್ದು. ಬ್ರಿಟನ್ನಿನಲ್ಲಿ ಇದಕ್ಕೆ ೧೯೯೨ರಲ್ಲಿ ಒಂದು ಮಾನಕವನ್ನು ಹೊರಡಿಸಿ ೨೦೧೯ರಲ್ಲಿ ಪರಿಷ್ಕರಿಸಿದ್ದಾರೆ. ಮೊದಲು ಸೋರುವ ಜಾಗವನ್ನು ಹುಡುಕಬೇಕು: ಕವಾಟಗಳ ಕುತ್ತಿಗೆ, ಕೀಲುಗಳು, ನೆಲದಡಿಯ ಕೊಳವೆ. ಗೋಡೆಯ ಹೊರಗೆ ಚಾಚಿರುವ ರಕ್ಷಣಾ ಕವಾಟದ ಕೊಳವೆಯಿಂದ ಹನಿ ಬೀಳುತ್ತಿದ್ದರೆ, ಗಾಳಿಯ ಪಾತ್ರೆಯ ಪೊರೆ ಸೋತು ಕಾದ ನೀರು ಹೊರಬೀಳುತ್ತಿರಬಹುದು. ಸೋರಿಕೆ ನಿಂತ ಮೇಲೆ ಒಂದು ಸಲ, ಒಂದೇ ಸಲ, ಕೆಸರನ್ನು ತೊಳೆದು ಹೊಸ ನೀರು ತುಂಬಿ, ಅದರೊಡನೆ ತುಕ್ಕು ತಡೆಯುವ ರಾಸಾಯನಿಕವನ್ನು ಸೇರಿಸಬೇಕು. ಹಿಂದಿರುಗುವ ಕೊಳವೆಯಲ್ಲಿ ಸೂಜಿಗಲ್ಲಿನ ಸೋಸುಕವನ್ನಿಟ್ಟರೆ ಕಪ್ಪು ಪುಡಿ ಅಲ್ಲಿ ಅಂಟಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ. ಅತಿ ಹಳೆಯ ವ್ಯವಸ್ಥೆಯನ್ನು ಮಾತ್ರ ರಭಸದಿಂದ ತೊಳೆಯಬಾರದು. ಎಷ್ಟೋ ಸಣ್ಣ ತೂತುಗಳನ್ನು ತುಕ್ಕೇ ಮುಚ್ಚಿಕೊಂಡಿರುತ್ತದೆ. ಅದನ್ನು ಕಿತ್ತರೆ ಒಂದು ಸೋರುವೆಡೆಯಲ್ಲಿ ಹತ್ತು ಸೋರಿಯಾವು. ನವಸಾಗರದ ಕಾಲದ ಪಾಠ ಇಲ್ಲಿ ಮತ್ತೆ ನೆನಪಿಗೆ ಬರುತ್ತದೆ. ಅನಿಲದ ಬಾಯ್ಲರಿನ ಒಳಭಾಗವನ್ನಂತೂ ಅರ್ಹತೆ ಪಡೆದ ಕೆಲಸಗಾರನ ಹೊರತು ಬೇರಾರೂ ಮುಟ್ಟಕೂಡದು.

ನನ್ನ ವಿದ್ಯಾರ್ಥಿ ಕಡೆಗೆ ಒಬ್ಬ ಅನುಭವಿ ಕೆಲಸಗಾರನನ್ನು ಕರೆಸಿದ. ಅಡಿಗೆಮನೆಯ ನೆಲದಡಿಯಲ್ಲಿ ತಾಮ್ರದ ಕೊಳವೆಯ ಬೆಸುಗೆಯೊಂದು ಜಿನುಗುತ್ತಿದ್ದಿತಂತೆ. ಎಷ್ಟು ಕಾಲದಿಂದಲೋ ಬಲ್ಲವರಿಲ್ಲ. ಅದನ್ನು ಬೆಸೆದು, ತೂತಾದ ರೇಡಿಯೇಟರನ್ನು ಬದಲಾಯಿಸಿ, ಒಮ್ಮೆ ತೊಳೆದು ಮದ್ದು ಹಾಕಿ ಮುಚ್ಚಿದರು. ನಾನು ಕೊಟ್ಟ ತಪ್ಪು ಸಲಹೆಗಾಗಿ ವಿಷಾದ ತಿಳಿಸಿದಾಗ ಅವನು ನಕ್ಕು, “ಸಂಧಿಯ ವಿಷಯ ಬಿಟ್ಟು ಬೇರೆಯದಕ್ಕೆ ನಿಮ್ಮನ್ನು ಕೇಳಬಾರದೆಂದು ತಿಳಿಯಿತು, ಮೇಷ್ಟ್ರೇ” ಎಂದ. ಕೀಲು ಸೋರಿದ್ದೂ ಸಂಧಿಯಲ್ಲೇ ಅಲ್ಲವೇ ಎಂದು ಹೇಳಿ ಮಾನ ಉಳಿಸಿಕೊಂಡೆ.

ಮರುವರ್ಷದ ಚಳಿಗಾಲದಲ್ಲಿ ಅವನ ತಾಯಿ ಮತ್ತೆ ಅಲ್ಲಿಗೆ ಹೋಗಿದ್ದರು. ಆಕೆಯೇ ದೂರವಾಣಿಯಲ್ಲಿ ಮಾತನಾಡಿದರು. “ಈಗ ಕೋಟು ಬೇಕಾಗಿಲ್ಲ, ಮೇಷ್ಟ್ರೇ. ಆದರೆ ವರ್ಷದಿಂದ ಅದೇ ನೀರಂತೆ. ಒಂದು ಸಲವೂ ಬದಲಾಯಿಸಿಲ್ಲವಂತೆ. ನನಗೇಕೋ ಮನಸ್ಸು ಒಪ್ಪುವುದಿಲ್ಲ. ಅದು ಸರಿಯೇ?” ಎಂದು ಕೇಳಿದರು.

“ಸರಿ ತಾಯಿ, ಅದನ್ನು ಮುಟ್ಟಬೇಡಿ” ಎಂದೆ.